ಅಪ್‌ಗ್ರೇಡ್ ಮುಗಿಯಿತು, ಸರ್ವರ್ ಏಳಲಿಲ್ಲ

ಪರದೆಯ ಮೇಲೆ “ಡ್ರಾಕಟ್-ಇನಿಟ್‌ಕ್ಯೂ ಟೈಮ್‌ಔಟ್” ಎಂಬ ಸಾಲು ಒಂದರ ಕೆಳಗೊಂದು ಬೀಳುತ್ತಾ ಹೋಯಿತು. (ಡ್ರಾಕಟ್ ಎಂದರೆ ಬೂಟ್ ಆರಂಭದ ಪುಟ್ಟ ವ್ಯವಸ್ಥೆಯನ್ನು ಕಟ್ಟುವ ಉಪಕರಣ.) ಎರಡು ಮೂರು ನಿಮಿಷ ಅದೇ ಸಾಲು. ಆಮೇಲೆ ರೂಟ್ ವಾಲ್ಯೂಮ್ (ಓಎಸ್ ಇರುವ ಡಿಸ್ಕ್ ಭಾಗ) ಸಿಗಲಿಲ್ಲ ಎಂಬ ಎಚ್ಚರಿಕೆ, ಎಮರ್ಜೆನ್ಸಿ ಮೋಡ್, ಕೊನೆಗೆ ಡ್ರಾಕಟ್ ಶೆಲ್‌ನ ಪ್ರಾಂಪ್ಟ್. ಯಂತ್ರ ಡೆಲ್ ಪವರ್‌ಎಡ್ಜ್ ಆರ್710. ಝಿಯಾನ್ 5600 ಸರಣಿಯ ಎರಡು ಪ್ರೊಸೆಸರ್, ಡಿಸ್ಕುಗಳನ್ನು ಜೋಡಿಸುವ ಪರ್ಕ್ 6/ಐ ರೇಡ್ ಕಾರ್ಡ್. ಕೆಲಸ, ಅದರಲ್ಲಿ ಸೆಂಟ್‌ಓಎಸ್ 7 ಎಂಬ ಲಿನಕ್ಸ್ ಇದ್ದದ್ದನ್ನು ಆಲ್ಮಾಲಿನಕ್ಸ್ 8ಕ್ಕೆ ಏರಿಸುವುದು. ಸೆಂಟ್‌ಓಎಸ್ 7ರ ಆಯುಸ್ಸು 2024ರ ಜೂನ್ 30ಕ್ಕೆ ಮುಗಿಯಿತು. ಇಂಥ ಯಂತ್ರ ಇಟ್ಟುಕೊಂಡವರು ಒಂದಲ್ಲ ಒಂದು ದಿನ ಮಾಡಲೇಬೇಕಾದ ಕೆಲಸ ಇದು.

ಈ ಪರದೆ ಕಂಡ ಕೂಡಲೇ ಬ್ಯಾಕಪ್ ಹುಡುಕಲು ಓಡುವವರೇ ಹೆಚ್ಚು. ಓಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಅಪ್‌ಗ್ರೇಡ್ ಆದ ಮೇಲಿನ ಬೂಟೋ, ಅಪ್‌ಗ್ರೇಡ್ ಆಗಲಿಕ್ಕೆಂದು ನಡೆದ ಬೂಟೋ? ಎಲಿವೇಟ್ (ಇದ್ದಲ್ಲೇ ಓಎಸ್ ಏರಿಸುವ ಆಲ್ಮಾದ ಯೋಜನೆ) ಮೂಲಕ ಏರಿಸುವಾಗ ಒಳಗೆ ಕೆಲಸ ಮಾಡುವುದು ಲೀಪ್ ಎಂಬ ಉಪಕರಣ. ಅದು ಮೊದಲು ಪ್ಯಾಕೇಜುಗಳನ್ನೆಲ್ಲ ಇಳಿಸಿಕೊಂಡು, ಬೂಟ್ ಪಾರ್ಟಿಷನ್‌ನಲ್ಲಿ ಒಂದು ತಾತ್ಕಾಲಿಕ ಕರ್ನಲ್ (ಓಎಸ್‌ನ ತಿರುಳು) ಮತ್ತು ಇನಿಟ್‌ರಾಮ್‌ಎಫ್‌ಎಸ್ (ರೂಟ್ ಡಿಸ್ಕ್ ಸಿಗುವ ತನಕ ಮೆಮೊರಿಯಲ್ಲಿ ಓಡುವ ಪುಟ್ಟ ವ್ಯವಸ್ಥೆ) ಇಟ್ಟು, ರೀಬೂಟ್ ಮಾಡಿ ಅಂತ ಹೇಳುತ್ತದೆ. ಆ ತಾತ್ಕಾಲಿಕ ಕರ್ನಲ್ 8ರದ್ದು. ಡಿಸ್ಕಿನಲ್ಲಿರುವುದು ಇನ್ನೂ ಪೂರಾ ಸೆಂಟ್‌ಓಎಸ್ 7. ಪ್ಯಾಕೇಜುಗಳು ಬದಲಾಗುವುದು ಈ ಎರಡನೇ ಹಂತದೊಳಗೆ, ಅದೂ ರೂಟ್ ಡಿಸ್ಕ್ ಮೌಂಟ್ ಆದ ನಂತರ. ನಮ್ಮ ಯಂತ್ರ ನಿಂತದ್ದು ರೂಟ್ ಡಿಸ್ಕೇ ಕಾಣದೆ. ಅಂದರೆ ಒಂದು ಫೈಲೂ ಬದಲಾಗಿಲ್ಲ. ರೀಸೆಟ್ ಮಾಡಿ, ಬೂಟ್ ಲೋಡರ್ ಆದ ಗ್ರಬ್ ಮೆನುವಿನಲ್ಲಿ ಅಪ್‌ಗ್ರೇಡ್ ಎಂಬ ಹೆಸರಿನ ಸಾಲು ಬಿಟ್ಟು ಕೆಳಗಿನ 3.10 ಕರ್ನಲ್ ಆರಿಸಿದರೆ ಹಳೆಯ ಸೆಂಟ್‌ಓಎಸ್ ಏನೂ ಆಗದ ಹಾಗೆ ಎದ್ದು ಕೂರುತ್ತದೆ. ಹಾಗೇ ಆಯಿತು ಕೂಡ.

ಆದರೆ ಎದ್ದು ಬಿಡುವ ಮೊದಲು ಆ ಡ್ರಾಕಟ್ ಶೆಲ್‌ನಲ್ಲಿ ಐದು ನಿಮಿಷ ಕಳೆಯುವುದು ಲಾಭ. ಕಾರಣ ಅಲ್ಲೇ ಇರುತ್ತದೆ. ಪ್ರಾಕ್ ಡೈರೆಕ್ಟರಿಯ ಪಾರ್ಟಿಷನ್ಸ್ ಫೈಲ್ ತೆರೆದು ನೋಡಿದರೆ ಡಿವಿಡಿ ಡ್ರೈವಿನ ಎಸ್‌ಆರ್0 ಒಂದೇ. ಎಸ್‌ಡಿಎ ಇಲ್ಲ, ಎಸ್‌ಡಿಬಿ ಇಲ್ಲ. ಬಿಎಲ್‌ಕೆಐಡಿ ಕೊಟ್ಟರೆ ಮೌನ. ಎಲ್‌ವಿಎಂ (ಡಿಸ್ಕನ್ನು ವಾಲ್ಯೂಮುಗಳಾಗಿ ಹಂಚುವ ಪದರ) ಕೆಟ್ಟಿದೆ, ಯುಯುಐಡಿ (ಡಿಸ್ಕ್ ಭಾಗದ ಗುರುತು ಸಂಖ್ಯೆ) ತಪ್ಪಿದೆ ಎಂದೆಲ್ಲ ಅನುಮಾನಿಸುವ ಅಗತ್ಯ ಇಲ್ಲಿಗೇ ಮುಗಿಯಿತು. ಡಿಸ್ಕೇ ಇಲ್ಲದ ಕಡೆ ಅದರ ಮೇಲಿನ ವಾಲ್ಯೂಮ್ ಹುಡುಕಿ ಫಲವಿಲ್ಲ. ಇನ್ನು ಮಾಡ್‌ಪ್ರೋಬ್ ಮೂಲಕ ಮೆಗಾರೇಡ್-ಸಾಸ್ ಡ್ರೈವರ್ ಹಾಕಿ ನೋಡಿದೆವು. ಯಾವ ದೂರೂ ಇಲ್ಲದೆ ಲೋಡ್ ಆಯಿತು, ಎಲ್‌ಎಸ್‌ಮಾಡ್ ಪಟ್ಟಿಯಲ್ಲೂ ಬಂತು. ಡಿಸ್ಕ್ ಮಾತ್ರ ಬರಲಿಲ್ಲ.

ಡ್ರೈವರ್ ಇದೆ, ಲೋಡ್ ಆಗುತ್ತದೆ, ಆದರೆ ಕಾರ್ಡನ್ನು ತನ್ನದೆಂದು ಒಪ್ಪಿಕೊಳ್ಳುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. “ಮೆಗಾರೇಡ್-ಸಾಸ್ 8ರಲ್ಲಿ ಇದೆಯಲ್ಲ” ಎಂದು ಡ್ರೈವರಿನ ಹೆಸರು ನೋಡಿ ಧೈರ್ಯ ತಂದುಕೊಂಡಿರುತ್ತಾರೆ. ಸೆಂಟ್‌ಓಎಸ್, ಆಲ್ಮಾ ಎರಡಕ್ಕೂ ಮೂಲವಾದ ರೆಡ್ ಹ್ಯಾಟ್‌ನ 8ರಲ್ಲಿ ಅನೇಕ ಕಡೆ ಡ್ರೈವರನ್ನು ತೆಗೆದಿಲ್ಲ, ಅದರೊಳಗಿನ ಹಳೆಯ ಕಾರ್ಡುಗಳ ಪಿಸಿಐ ನಂಬರುಗಳನ್ನು (ಕಾರ್ಡಿನ ಗುರುತು ಸಂಖ್ಯೆಗಳನ್ನು) ತೆಗೆದಿದ್ದಾರೆ. ಪರ್ಕ್ 6/ಐ ಕಾರ್ಡಿನ ನಂಬರ್ 1000:0060. ಎಚ್700 ಕಾರ್ಡಿನದು 1000:0079, ಎಚ್310ರದು 1000:0073, ಸಾಸ್2008 ಚಿಪ್ಪಿನ ಎಚ್200 ಮತ್ತು ಅದರ ಬಂಧು-ಬಳಗದ ಎಚ್‌ಬಿಎಗಳದು (ಡಿಸ್ಕ್ ಜೋಡಿಸುವ ಕಾರ್ಡುಗಳದು) 1000:0072. ಎಚ್‌ಪಿ ಪ್ರೋಲಯಂಟ್ ಡಿಎಲ್380 ಜಿ7ರಲ್ಲಿ ಬರುವ ಸ್ಮಾರ್ಟ್ ಅರೇ ಪಿ410ಐ ಕಾರ್ಡಿಗೂ ಇದೇ ಗತಿ. ಅಲ್ಲಿ ಡ್ರೈವರಿನ ಹೆಸರು ಎಚ್‌ಪಿಎಸ್ಎ. ಆಲ್ಮಾ, ರಾಕಿ ಮುಂತಾದ ಮರುರೂಪಗಳು ಅದೇ ಮೂಲದಿಂದ ಕಟ್ಟಿದವು, ಹಾಗಾಗಿ ಈ ಗುಣವೂ ಮೊದಲಿಗೆ ಅವಕ್ಕೆ ಬಳುವಳಿಯಾಗಿ ಬಂತು.

ಹಾಗಾಗಿ ಪರೀಕ್ಷೆ ಮಾಡಬೇಕಾದ್ದು ಹೆಸರನ್ನಲ್ಲ, ನಂಬರನ್ನು. ಸೆಂಟ್‌ಓಎಸ್ 7 ಓಡುತ್ತಿರುವಾಗಲೇ ಎಲ್‌ಎಸ್‌ಪಿಸಿಐ ಕಮಾಂಡಿಗೆ ಎರಡು ಎನ್ ಸೇರಿಸಿ ಕೊಟ್ಟರೆ ಪ್ರತಿ ಸಾಧನದ ಕೊನೆಗೆ ಚೌಕ ಕಂಸದೊಳಗೆ ವೆಂಡರ್ ಮತ್ತು ಡಿವೈಸ್ ನಂಬರ್ ಬರುತ್ತದೆ. ರೇಡ್, ಎಸ್‌ಎಎಸ್ (ಸಾಸ್), ಈಥರ್ನೆಟ್ ಈ ಮೂರು ಬಗೆಯ ಸಾಲುಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ 8ರ ಕರ್ನಲ್ ಮಾಡ್ಯೂಲ್ ಪ್ಯಾಕೇಜನ್ನು ಇಳಿಸಿಕೊಂಡು, ಇನ್‌ಸ್ಟಾಲ್ ಮಾಡದೆ ಬೇರೆ ಡೈರೆಕ್ಟರಿಯಲ್ಲಿ ಬಿಡಿಸಿ, ಆ ಡ್ರೈವರ್ ಫೈಲಿನ ಮೇಲೆ ಮಾಡ್‌ಇನ್ಫೋ ಓಡಿಸಿ. ಅದು ತೋರಿಸುವ ಅಲಿಯಾಸ್ ಸಾಲುಗಳಲ್ಲಿ ನಿಮ್ಮ ಕಾರ್ಡಿನ ನಂಬರ್ ಕಾಣದಿದ್ದರೆ ಆ ಕರ್ನಲ್‌ಗೆ ನಿಮ್ಮ ಡಿಸ್ಕ್ ಕಾಣುವುದಿಲ್ಲ. ಹತ್ತು ನಿಮಿಷದ ಕೆಲಸ. ಡ್ರಾಕಟ್ ಶೆಲ್‌ನಲ್ಲಿ ಎಲ್‌ಎಸ್‌ಪಿಸಿಐ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿಗೆ ಹೋಗಿ ಸಿಕ್ಕಿಹಾಕಿಕೊಂಡಿದ್ದರೆ ಸಿಸ್ ಡೈರೆಕ್ಟರಿಯೊಳಗೆ ಪಿಸಿಐ ಬಸ್ಸಿನ ಕೆಳಗೆ ಪ್ರತಿ ಸಾಧನಕ್ಕೂ ವೆಂಡರ್, ಡಿವೈಸ್ ಎಂಬ ಫೈಲುಗಳಿವೆ, ಅವನ್ನೇ ಓದಿಕೊಳ್ಳಬಹುದು. ಲೀಪ್‌ನ ಪ್ರೀಅಪ್‌ಗ್ರೇಡ್ ವರದಿ ಕೂಡ ಇಂಥ ಕಾರ್ಡುಗಳ ಬಗ್ಗೆ ಎಚ್ಚರಿಸುತ್ತದೆ. ಆ ವರದಿಯಲ್ಲಿ ಕೆಂಪಾಗಿ ಬಂದ ಸಾಲನ್ನು ಹೇಗೋ ದಾಟಿಸಿ ಮುಂದೆ ಹೋಗುವ ಉಪಾಯಗಳು ಎಲ್ಲ ಕಡೆ ಸಿಗುತ್ತವೆ. ದಾಟಿಸಬಾರದ ಸಾಲು ಅಂದರೆ ಇದೊಂದೇ.

ಕಾರಣ ಗೊತ್ತಾದ ಮೇಲೆ ದಾರಿ ಮೂರು. ಮೊದಲನೆಯದು ಇಎಲ್‌ರೆಪೊ ಎಂಬ ಹೊರಗಿನವರ ಪ್ಯಾಕೇಜ್ ಭಂಡಾರ. ಕೈಬಿಟ್ಟ ನಂಬರುಗಳನ್ನು ಮತ್ತೆ ಸೇರಿಸಿ ಕಟ್ಟಿದ ಡ್ರೈವರುಗಳನ್ನು ಕೆಮಾಡ್ (ಕರ್ನಲ್ ಮಾಡ್ಯೂಲ್) ಪ್ಯಾಕೇಜುಗಳಾಗಿಯೂ ಇನ್‌ಸ್ಟಾಲ್ ವೇಳೆಗೆ ಬೇಕಾದ ಡ್ರೈವರ್ ಅಪ್‌ಡೇಟ್ ಡಿಸ್ಕುಗಳಾಗಿಯೂ ಅವರು ಕೊಡುತ್ತಾರೆ. ಈ ಡಿಸ್ಕ್ ಇಮೇಜನ್ನು ಪೆನ್‌ಡ್ರೈವಿಗೆ ಬರೆದು, ಇನ್‌ಸ್ಟಾಲರ್‌ನ ಬೂಟ್ ಸಾಲಿಗೆ ಐಎನ್‌ಎಸ್‌ಟಿ ಡಾಟ್ ಡಿಡಿ ಸೇರಿಸಿದರೆ ಯಾವ ಸಾಧನದಿಂದ ಓದಬೇಕು ಎಂದು ಅದೇ ಕೇಳುತ್ತದೆ. ಪೆನ್‌ಡ್ರೈವಿನ ಲೇಬಲ್ ಓಇಎಂಡಿಆರ್‌ವಿ ಅಂತ ಇದ್ದರೆ ಕೇಳುವುದೂ ಇಲ್ಲ, ತಾನೇ ಹುಡುಕಿಕೊಳ್ಳುತ್ತದೆ. ಒಂದು ಎಚ್ಚರ: ಕೆಮಾಡ್ ಪ್ಯಾಕೇಜನ್ನು 8ರ ಯಾವ ಉಪ-ಆವೃತ್ತಿಗೆ ಕಟ್ಟಿದ್ದಾರೋ ಅದಕ್ಕೇ ಹಾಕಬೇಕು. 8.10 ಆ ಸರಣಿಯ ಕೊನೆಯ ಉಪ-ಆವೃತ್ತಿ. ಹಾಗಾಗಿ ಈಗ ಹಾಕುವವರಿಗೆ ಆರಾರು ತಿಂಗಳಿಗೊಮ್ಮೆ ಡ್ರೈವರ್ ಹಿಂದೆ ಬೀಳುವ ತಾಪತ್ರಯ ಕಡಿಮೆ. ಸೆಕ್ಯೂರ್ ಬೂಟ್ ಆನ್ ಆಗಿರುವ ಯಂತ್ರವಾದರೆ ಇಎಲ್‌ರೆಪೊದ ಸಹಿ ಕೀಲಿಯನ್ನೂ ಸೇರಿಸಬೇಕು. ಆರ್710ಕ್ಕೆ ಆ ಚಿಂತೆ ಇಲ್ಲ.

ಎರಡನೆಯದು 8ನ್ನು ಬಿಟ್ಟು ನೇರ 9ಕ್ಕೆ ಹೊಸ ಇನ್‌ಸ್ಟಾಲ್. ಆಲ್ಮಾಲಿನಕ್ಸ್ 9.4ರಿಂದ, ಅಂದರೆ 2024ರ ಮೇ ತಿಂಗಳಿಂದ, ಮೂಲದಲ್ಲಿ ಕೈಬಿಟ್ಟ ಅನೇಕ ಕಾರ್ಡುಗಳ ಬೆಂಬಲವನ್ನು ಅವರೇ ಕರ್ನಲ್‌ಗೆ ಮತ್ತೆ ಸೇರಿಸಿದ್ದಾರೆ. ಮೆಗಾರೇಡ್-ಸಾಸ್, ಎಂಪಿಟಿ3ಸಾಸ್, ಎಚ್‌ಪಿಎಸ್ಎ, ಎಎಸಿರೇಡ್ ಎಲ್ಲ ಅದರಲ್ಲಿವೆ. ಅಲ್ಲಿಯೂ ಮಾಡ್‌ಇನ್ಫೋ ಪರೀಕ್ಷೆ ಮಾಡಿಯೇ ಮುಂದೆ ಹೋಗುವುದು. ಮೂರನೆಯದು ಕಾರ್ಡ್ ಬದಲಾಯಿಸುವುದು. ಇದನ್ನು ನಾವು ಶಿಫಾರಸು ಮಾಡುವುದಿಲ್ಲ. ಪರ್ಕ್ 6/ಐ ತೆಗೆದು ಸೆಕೆಂಡ್ ಹ್ಯಾಂಡ್ ಎಚ್700 ಹಾಕಿದವರಿಗೆ ಅದೂ ಅದೇ ಪಟ್ಟಿಯಲ್ಲಿದೆ ಎಂದು ಗೊತ್ತಾಗುವುದು ಹಣ ಕೊಟ್ಟ ಮೇಲೆ.

ಇಂಥ ಕಾರ್ಡ್ ಇರುವ ಯಂತ್ರದಲ್ಲಿ ಕೂತಲ್ಲೇ ಅಪ್‌ಗ್ರೇಡ್ ಮಾಡುವ ಹಟವೇ ಬೇಡ. ಲೀಪ್‌ನ ತಾತ್ಕಾಲಿಕ ಇನಿಟ್‌ರಾಮ್‌ಎಫ್‌ಎಸ್‌ಗೆ ಹೊರಗಿನ ಡ್ರೈವರ್ ತುರುಕಲು ಅದಕ್ಕೆಂದೇ ಆಕ್ಟರ್ (ಲೀಪ್ ಓಡಿಸುವ ಪುಟ್ಟ ಪ್ರೋಗ್ರಾಂ) ಬರೆಯಬೇಕು. ಅಷ್ಟು ಹೊತ್ತಿನಲ್ಲಿ ಡೇಟಾ ವಾಲ್ಯೂಮ್ ಮುಟ್ಟದೆ ರೂಟ್ ಮಾತ್ರ ಹೊಸದಾಗಿ ಹಾಕಿ ಮುಗಿಸಬಹುದು.

ಪ್ರೊಸೆಸರ್ ವಿಷಯ ಇಷ್ಟು ಸುತ್ತಿಲ್ಲ. 9ನೇ ಆವೃತ್ತಿಗೆ ಎಕ್ಸ್86-64-ವಿ2 ಮಟ್ಟದ ಪ್ರೊಸೆಸರ್ ಬೇಕು, ಎಂದರೆ ಎಸ್‌ಎಸ್‌ಇ4.2, ಪಾಪ್‌ಕೌಂಟ್ ಇತ್ಯಾದಿ ಇರಬೇಕು. ಝಿಯಾನ್ 5500, 5600 ಪಾಸು. ಅದಕ್ಕೂ ಹಿಂದಿನ ಪವರ್‌ಎಡ್ಜ್ 2950ರಲ್ಲಿ ಬರುವ 5400 ಸರಣಿಯಲ್ಲಿ ಇರುವುದು ಎಸ್‌ಎಸ್‌ಇ4.1 ಮಾತ್ರ, ಹಾಗಾಗಿ ಫೇಲು. ಅಲ್ಲಿ ಕರ್ನಲ್ ಚೆನ್ನಾಗಿಯೇ ಶುರುವಾಗಿ, ಮೊದಲ ಪ್ರೋಗ್ರಾಂ ಓಡಿಸುವ ಹೊತ್ತಿಗೆ “ಫೇಟಲ್ ಜಿಲಿಬ್‌ಸಿ ಎರರ್: ಸಿಪಿಯು ಡಸ್ ನಾಟ್ ಸಪೋರ್ಟ್ ಎಕ್ಸ್86-64-ವಿ2” ಎಂದು ಬರೆದು ಪ್ಯಾನಿಕ್ ಆಗುತ್ತದೆ. ಇದಕ್ಕೆ ಬೂಟ್ ಆಪ್ಷನ್ ಯಾವುದೂ ಮದ್ದಲ್ಲ. 10ನೇ ಆವೃತ್ತಿ ವಿ3 ಕೇಳುತ್ತದೆ, ಅಂದರೆ ಎವಿಎಕ್ಸ್2. ಆರ್720ರ ಇ5-2600 ಮೊದಲ ಮತ್ತು ಎರಡನೇ ತಲೆಮಾರಿನ ಪ್ರೊಸೆಸರುಗಳಿಗೆ ಅದಿಲ್ಲ. ಆಲ್ಮಾ ಮಾತ್ರ 10ಕ್ಕೆ ಪ್ರತ್ಯೇಕ ವಿ2 ಕಟ್ಟನ್ನೂ ಕೊಡುತ್ತಿದೆ. ಸಿಪಿಯುಇನ್ಫೋದ ಫ್ಲ್ಯಾಗ್ ಸಾಲಿನಲ್ಲಿ ಎಸ್‌ಎಸ್‌ಇ4_2, ಪಾಪ್‌ಸಿಎನ್‌ಟಿ (ಪಾಪ್‌ಕೌಂಟ್), ಎವಿಎಕ್ಸ್2 ಹುಡುಕಿದರೆ ಉತ್ತರ ಅಲ್ಲೇ.

ಮೇಲಿನದ್ದಕ್ಕಿಂತ ಹೆಚ್ಚು ಸಲ ಎದುರಾಗುವ ಇನ್ನೊಂದು ಪರದೆ: “ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)”. ಇದು ಡ್ರಾಕಟ್ ಶೆಲ್‌ಗೂ ಬಾರದೆ ಸತ್ತದ್ದು. ಅಂದರೆ ಇನಿಟ್‌ರಾಮ್‌ಎಫ್‌ಎಸ್ ಇಲ್ಲ, ಅಥವಾ ಅರ್ಧ ಇದೆ. ಹತ್ತರಲ್ಲಿ ಒಂಬತ್ತು ಸಲ ಬೂಟ್ ಪಾರ್ಟಿಷನ್ ತುಂಬಿರುತ್ತದೆ. ಹಳೆಯ ಇನ್‌ಸ್ಟಾಲ್‌ಗಳಲ್ಲಿ ಅದು 500 ಎಂಬಿ, ಅದಕ್ಕೂ ಹಿಂದೆ ಕೈಯಾರೆ ಮಾಡಿದವಲ್ಲಿ 200 ಎಂಬಿ ಕೂಡ. ಮೂರು ಹಳೆ ಕರ್ನಲ್, ಅವುಗಳ ಇನಿಟ್‌ರಾಮ್‌ಎಫ್‌ಎಸ್, ದಪ್ಪನೆಯ ರೆಸ್ಕ್ಯೂ ಇಮೇಜ್, ಮೇಲೆ ಲೀಪ್ ಇಡುವ ತಾತ್ಕಾಲಿಕ ಜೋಡಿ. ಡ್ರಾಕಟ್ ಜಾಗವಿಲ್ಲವೆಂದು ಕೂಗಿಕೊಂಡಿರುತ್ತದೆ, ಸಾವಿರ ಸಾಲುಗಳ ನಡುವೆ ಆ ಕೂಗು ಯಾರಿಗೂ ಕೇಳಿರುವುದಿಲ್ಲ. ಹಳೆಯ ಕರ್ನಲ್ ಆರಿಸಿ ಎದ್ದು, ಬೇಡದ ಕರ್ನಲ್‌ಗಳನ್ನು ಪ್ಯಾಕೇಜ್ ಮ್ಯಾನೇಜರ್ ಮೂಲಕವೇ ತೆಗೆದು, ಡ್ರಾಕಟ್ ಮತ್ತೆ ಓಡಿಸಿದರೆ ಸರಿಹೋಗುತ್ತದೆ. ಆರ್‌ಎಂ ಕೊಟ್ಟು ಫೈಲ್ ಅಳಿಸಿದರೆ ಗ್ರಬ್‌ನ ಮೆನುವಿನಲ್ಲಿ ಆ ಕರ್ನಲ್‌ನ ದೆವ್ವ ಉಳಿದುಕೊಳ್ಳುತ್ತದೆ.

ಹಳೆಯ ಕರ್ನಲ್ ಕೂಡ ಏಳದಿದ್ದರೆ ರೆಸ್ಕ್ಯೂ ಮೀಡಿಯಾ. ಇಲ್ಲಿ ಒಂದು ಉಪಾಯ: ಕೈಬಿಟ್ಟ ಕಾರ್ಡ್ ಇರುವ ಯಂತ್ರಕ್ಕೆ 8ರ ಐಎಸ್‌ಒ ಹಾಕಿ ರೆಸ್ಕ್ಯೂ ಮೋಡಿಗೆ ಹೋದರೆ ಅದಕ್ಕೂ ಡಿಸ್ಕ್ ಕಾಣುವುದಿಲ್ಲ. ಸೆಂಟ್‌ಓಎಸ್ 7ರ ಹಳೆಯ ಐಎಸ್‌ಒ ಎಸೆಯದೆ ಇಟ್ಟುಕೊಂಡಿರಿ. ಅದರ 3.10 ಕರ್ನಲ್‌ಗೆ ಕಾರ್ಡ್ ಗೊತ್ತು, 8ರ ಪ್ರೋಗ್ರಾಂಗಳೂ ಅದರ ಮೇಲೆ ಸಿಎಚ್‌ರೂಟ್‌ನಲ್ಲಿ (ಡಿಸ್ಕಿನಲ್ಲಿರುವ ಓಎಸ್‌ನೊಳಗೇ ಹೊಕ್ಕಂತೆ) ಓಡುತ್ತವೆ. ಆದರೆ 8ರಲ್ಲಿ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಆದರೆ ಈ ಉಪಾಯ ನಡೆಯದು: ಅದರಲ್ಲಿ ರೀಫ್ಲಿಂಕ್ ಎಂಬ ಸೌಲಭ್ಯ ತಾನಾಗಿ ಆನ್ ಇರುತ್ತದೆ, 7ರ ಕರ್ನಲ್ ಅದನ್ನು ಓದಲಷ್ಟೇ ಒಪ್ಪುತ್ತದೆ. 7ರಲ್ಲಿ ಹುಟ್ಟಿ 8ಕ್ಕೆ ಏರಿದ ಡಿಸ್ಕಿಗೆ ತೊಂದರೆಯಿಲ್ಲ.

ರೆಸ್ಕ್ಯೂನಲ್ಲಿ ರೂಟ್ ಮೌಂಟ್ ಆದ ಮೇಲೆ ಬೂಟ್ ಪಾರ್ಟಿಷನ್ ಕೂಡ ಅದರೊಳಗೆ ಮೌಂಟ್ ಆಗಿದೆಯೇ ನೋಡಿ. ಡೆವ್, ಪ್ರಾಕ್, ಸಿಸ್ ಮೂರನ್ನೂ ಬೈಂಡ್ ಮಾಡಿ ಸಿಎಚ್‌ರೂಟ್ ಮಾಡಿ. ಬೂಟ್ ಮೌಂಟ್ ಮಾಡದೆ ಡ್ರಾಕಟ್ ಓಡಿಸಿದರೆ ಇಮೇಜ್ ರೂಟ್ ಡಿಸ್ಕಿನ ಖಾಲಿ ಬೂಟ್ ಡೈರೆಕ್ಟರಿಯಲ್ಲಿ ಹೋಗಿ ಕೂರುತ್ತದೆ. ಎಲ್ಲ ಸರಿಯಾದಂತೆ ಕಾಣುತ್ತದೆ, ರೀಬೂಟ್ ಆದರೆ ಮತ್ತದೇ ಪ್ಯಾನಿಕ್. ಜನ ಬೀಳುವ ಇನ್ನೊಂದು ಗುಂಡಿ ಯುನೇಮ್ ಕಮಾಂಡ್. ಎಲ್ಲ ಕಡೆ ಡ್ರಾಕಟ್ ಜೊತೆ ಯುನೇಮ್ -ಆರ್ ಬರೆದಿರುತ್ತಾರೆ. ಸಿಎಚ್‌ರೂಟ್‌ನೊಳಗೆ ಅದು ಹೇಳುವುದು ರೆಸ್ಕ್ಯೂ ಮೀಡಿಯಾದ ಕರ್ನಲ್ ನಂಬರ್, ನಿಮ್ಮ ಡಿಸ್ಕಿನದ್ದಲ್ಲ. ಲಿಬ್ ಮಾಡ್ಯೂಲ್ಸ್ ಡೈರೆಕ್ಟರಿಯಲ್ಲಿ ಯಾವ ಹೆಸರು ಇದೆಯೋ, 4.18ರಿಂದ ಶುರುವಾಗುವ ಆ ಪೂರ್ತಿ ಹೆಸರನ್ನೇ ಕೈಯಿಂದ ಟೈಪ್ ಮಾಡಬೇಕು. ಡ್ರಾಕಟ್‌ಗೆ ನೋ-ಹೋಸ್ಟ್‌ಒನ್ಲಿ ಆಪ್ಷನ್ ಕೂಡ ಕೊಡಿ. ಇಲ್ಲದಿದ್ದರೆ ಆ ಕ್ಷಣಕ್ಕೆ ರೆಸ್ಕ್ಯೂನಲ್ಲಿ ಕಂಡ ಹಾರ್ಡ್‌ವೇರಿಗೆ ಬೇಕಾದ ಡ್ರೈವರ್ ಮಾತ್ರ ತುಂಬುವ ಸಾಧ್ಯತೆ ಇದೆ. ಇಮೇಜ್ ಆದ ಮೇಲೆ ಎಲ್‌ಎಸ್‌ಇನಿಟ್‌ಆರ್‌ಡಿ ಕೊಟ್ಟು ಅದರೊಳಗೆ ಮೆಗಾರೇಡ್ ಎಂಬ ಫೈಲ್ ಇದೆಯೇ ಎಂದು ಕಣ್ಣಾರೆ ನೋಡದೆ ರೀಬೂಟ್ ಮಾಡಬೇಡಿ.

ಕೆಲವು ಯಂತ್ರಗಳು ಕರ್ನಲ್ ತನಕ ಹೋಗುವುದೇ ಇಲ್ಲ, ಗ್ರಬ್‌ನಲ್ಲೇ ನಿಲ್ಲುತ್ತವೆ. ಅಲ್ಲಿಯೂ ಎರಡು ಬಗೆ. “ಗ್ರಬ್ ರೆಸ್ಕ್ಯೂ” ಎಂದು ಬಂದರೆ ಡಿಸ್ಕಿನ ತಲೆಯಲ್ಲಿರುವ ಪುಟ್ಟ ಕೋರ್ ಇಮೇಜ್‌ಗೆ ತನ್ನ ಮಾಡ್ಯೂಲುಗಳು ಸಿಕ್ಕಿಲ್ಲ, ಅಥವಾ ಸಿಕ್ಕಿದರೂ ತಲೆ ಒಂದು ಕಾಲದ್ದು, ಮೈ ಇನ್ನೊಂದು ಕಾಲದ್ದು. ಬರೇ “ಗ್ರಬ್” ಎಂದು ಪ್ರಾಂಪ್ಟ್ ಬಂದರೆ ಮಾಡ್ಯೂಲ್ ಸಿಕ್ಕಿವೆ, ಮೆನು ಸಿಕ್ಕಿಲ್ಲ.

ಡೆಬಿಯನ್, ಉಬುಂಟು ಕಡೆ ಮೊದಲ ಬಗೆ ಹೆಚ್ಚು. 2020ರ ಜುಲೈನ ಬೂಟ್‌ಹೋಲ್ ಸೆಕ್ಯುರಿಟಿ ಅಪ್‌ಡೇಟ್ ನಂತರ “ಸಿಂಬಲ್ ಗ್ರಬ್_ಕ್ಯಾಲಕ್ ನಾಟ್ ಫೌಂಡ್” ಎಂದು ಸಾಲು ಸಾಲು ಯಂತ್ರಗಳು ಮಲಗಿದ್ದು ಇದರಿಂದಲೇ. ಕಾರಣ ಬಹಳ ಸಾದಾ. ಯಾವುದೋ ಕಾಲದಲ್ಲಿ ಡಿಸ್ಕ್ ಬದಲಾಯಿಸಿರುತ್ತಾರೆ. ಗ್ರಬ್ ಪ್ಯಾಕೇಜ್ ಮಾತ್ರ ಹಳೆಯ ಡಿಸ್ಕಿನ ಹೆಸರನ್ನೇ ನೆನಪಿಟ್ಟುಕೊಂಡಿರುತ್ತದೆ. ಅಪ್‌ಡೇಟ್ ಆದಾಗ ಮಾಡ್ಯೂಲುಗಳು ಹೊಸದಾಗುತ್ತವೆ, ಬಯಾಸ್ ನಿಜಕ್ಕೂ ಓದುವ ಡಿಸ್ಕಿನ ತಲೆಯಲ್ಲಿ ಹಳೆಯ ಕೋರ್ ಹಾಗೇ ಉಳಿಯುತ್ತದೆ. ಲೈವ್ ಮೀಡಿಯಾದಿಂದ ಸಿಎಚ್‌ರೂಟ್ ಮಾಡಿ ಗ್ರಬ್-ಪಿಸಿ ಪ್ಯಾಕೇಜನ್ನು ರೀಕಾನ್ಫಿಗರ್ ಮಾಡಿದರೆ ಡಿಸ್ಕುಗಳ ಪಟ್ಟಿ ಕೇಳುತ್ತದೆ. ಬೂಟ್ ಆಗುವ ಡಿಸ್ಕುಗಳಿಗೆಲ್ಲ ಟಿಕ್ ಹಾಕಿ. ಪಾರ್ಟಿಷನ್‌ಗೆ ಅಲ್ಲ, ಡಿಸ್ಕಿಗೆ.

ಸೆಂಟ್‌ಓಎಸ್ ಕಡೆ ಎರಡನೆಯ ಬಗೆ. 8ರಲ್ಲಿ ಮೆನುವಿನ ಸಾಲುಗಳು ಗ್ರಬ್ ಕಾನ್ಫಿಗ್ ಫೈಲಿನೊಳಗೆ ಇರುವುದಿಲ್ಲ. ಬೂಟ್ ಪಾರ್ಟಿಷನ್‌ನ ಲೋಡರ್ ಎಂಟ್ರೀಸ್ ಡೈರೆಕ್ಟರಿಯಲ್ಲಿ ಒಂದೊಂದು ಕರ್ನಲ್‌ಗೂ ಒಂದೊಂದು ಪುಟ್ಟ ಫೈಲ್ ಇರುತ್ತದೆ. ಈ ಪದ್ಧತಿಯ ಹೆಸರು ಬಿಎಲ್‌ಎಸ್. ಅದನ್ನು ಓದಲು ಬಿಎಲ್‌ಎಸ್‌ಸಿಎಫ್‌ಜಿ ಎಂಬ ಮಾಡ್ಯೂಲ್ ಬೇಕು. ಬಯಾಸ್ ಮೋಡ್ ಯಂತ್ರಗಳಲ್ಲಿ ಪ್ಯಾಕೇಜ್ ಹೊಸದಾದ ಮಾತ್ರಕ್ಕೆ ಡಿಸ್ಕಿನ ತಲೆಯ ಗ್ರಬ್ ಹೊಸದಾಗುವುದಿಲ್ಲ. ಗ್ರಬ್2-ಇನ್‌ಸ್ಟಾಲ್ ಓಡಿಸಿದರೆ ಮಾತ್ರ ಆಗುತ್ತದೆ. ಓಡಿಸದಿದ್ದರೆ 7ರ ಗ್ರಬ್ ಬಂದು 8ರ ಕಾನ್ಫಿಗ್ ಓದಿ, ಬಿಎಲ್‌ಎಸ್ ಅಂದರೇನೆಂದು ತಿಳಿಯದೆ ಖಾಲಿ ಪ್ರಾಂಪ್ಟ್ ಹಿಡಿದು ನಿಲ್ಲುತ್ತದೆ. ಗಾಬರಿ ಬೇಡ, ಅಲ್ಲಿಂದಲೇ ಕೈಯಿಂದ ಬೂಟ್ ಮಾಡಬಹುದು. ಎಲ್‌ಎಸ್ ಕೊಟ್ಟು ಡಿಸ್ಕುಗಳನ್ನು ನೋಡಿ, ವಿಎಂಲಿನಸ್ ಫೈಲ್ ಇರುವ ಪಾರ್ಟಿಷನ್ ಅನ್ನು ರೂಟ್ ಎಂದು ಸೆಟ್ ಮಾಡಿ. ಲಿನಕ್ಸ್ ಎಂದು ಬರೆದು ಆ ಫೈಲಿನ ಹೆಸರು, ಮುಂದೆ ರೂಟ್ ವಾಲ್ಯೂಮಿನ ಹೆಸರು, ಎಲ್‌ವಿಎಂ ಆಗಿದ್ದರೆ ಆರ್‌ಡಿ.ಎಲ್‌ವಿಎಂ.ಎಲ್‌ವಿ ಆಪ್ಷನ್, ಮುಂದಿನ ಸಾಲಿಗೆ ಇನಿಟ್‌ಆರ್‌ಡಿ ಮತ್ತು ಅದೇ ನಂಬರಿನ ಇನಿಟ್‌ರಾಮ್‌ಎಫ್‌ಎಸ್, ಕೊನೆಗೆ ಬೂಟ್. ಟ್ಯಾಬ್ ಒತ್ತಿದರೆ ಫೈಲಿನ ಹೆಸರು ತಾನೇ ತುಂಬಿಕೊಳ್ಳುತ್ತದೆ. ಎದ್ದ ಮೇಲೆ ಮೊದಲ ಕೆಲಸ, ಪ್ರತಿ ಬೂಟ್ ಡಿಸ್ಕಿನ ಮೇಲೂ ಗ್ರಬ್2-ಇನ್‌ಸ್ಟಾಲ್.

ಆಗ ಇನ್ನೊಂದು ದೂರು ಬರಬಹುದು: ಗ್ರಬ್ ಕೂರುವ ಎಂಬೆಡಿಂಗ್ ಜಾಗ ಚಿಕ್ಕದು, ಕೋರ್ ಇಮೇಜ್ ಹಿಡಿಸುವುದಿಲ್ಲ ಎಂದು. ಹಿಂದಿನ ಕಾಲದ ಪಾರ್ಟಿಷನ್ ಟೇಬಲ್‌ಗಳಲ್ಲಿ ಮೊದಲ ಪಾರ್ಟಿಷನ್ 63ನೇ ಸೆಕ್ಟರಿನಿಂದ ಶುರು. ಎಂಬಿಆರ್ (ಡಿಸ್ಕಿನ ಮೊಟ್ಟಮೊದಲ ಸೆಕ್ಟರ್) ಬಿಟ್ಟು ಉಳಿಯುವುದು 62 ಸೆಕ್ಟರ್, 31 ಕೆಬಿ. ಈಗಿನವು 2048ರಿಂದ ಶುರುವಾಗುತ್ತವೆ, ಹತ್ತಿರ ಹತ್ತಿರ 1 ಎಂಬಿ ಜಾಗ. ಎಲ್‌ವಿಎಂ, ರೇಡ್ ಎರಡರ ಮಾಡ್ಯೂಲೂ ಬೇಕಾದ ಕೋರ್ ಇಮೇಜ್ 31 ಕೆಬಿಯಲ್ಲಿ ಕೂರುವುದಿಲ್ಲ. ಬೂಟನ್ನು ಎಲ್‌ವಿಎಂ ಹೊರಗೆ ಇಟ್ಟರೆ ಕೆಲವೊಮ್ಮೆ ಹಿಡಿಸುತ್ತದೆ. ಇಲ್ಲವಾದರೆ ಮೊದಲ ಪಾರ್ಟಿಷನ್ ಅಳಿಸಿ 2048ರಿಂದ ಮತ್ತೆ ಮಾಡುವುದೇ ದಾರಿ. ಬಲವಂತದ ಆಪ್ಷನ್ ಕೊಟ್ಟು ಹಾಕಿದ ಗ್ರಬ್ ಯಾವತ್ತೋ ಒಂದು ದಿನ ಕೈಕೊಡುತ್ತದೆ.

ಬೂಟ್ ಪಾರ್ಟಿಷನ್ ಬೇರೆ ಇಲ್ಲದೆ, 2 ಟಿಬಿಗಿಂತ ದೊಡ್ಡ ಒಂದೇ ರೂಟ್ ಇರುವ ಬಯಾಸ್ ಯಂತ್ರಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ. ವರ್ಷಗಟ್ಟಲೆ ಬೂಟ್ ಆಗುತ್ತಿದ್ದದ್ದು ಹೊಸ ಕರ್ನಲ್ ಬಂದ ದಿನ ಡಿಸ್ಕಿನ ಹೊರಗೆ ಓದುವ ಪ್ರಯತ್ನ ಎಂದು ಎರರ್ ಕೊಡುತ್ತದೆ. ಹಳೆಯ ಕರ್ನಲ್ ಫೈಲುಗಳು ಡಿಸ್ಕಿನ ಮುಂಭಾಗದಲ್ಲಿದ್ದವು. ಹೊಸದು 2 ಟಿಬಿ ಗಡಿಯಾಚೆ ಹೋಗಿ ಬಿತ್ತು. ಹಳೆಯ ಬಯಾಸ್‌ಗೆ ಗಡಿಯಾಚೆ ಕಣ್ಣು ಕಾಣದು. ಫೈಲನ್ನು ಮತ್ತೆ ಮತ್ತೆ ಕಾಪಿ ಮಾಡಿ ಅದೃಷ್ಟ ಪರೀಕ್ಷಿಸುವ ಬದಲು ಡಿಸ್ಕಿನ ಆರಂಭದಲ್ಲಿ 1 ಜಿಬಿ ಬೂಟ್ ಪಾರ್ಟಿಷನ್ ಮಾಡಿಕೊಳ್ಳಿ.

ಕರ್ನಲ್ ಎದ್ದು, ಸಿಸ್ಟಂಡಿ ಶುರುವಾಗಿ, 90 ಸೆಕೆಂಡ್ ಲೆಕ್ಕ ಓಡಿ, ರೂಟ್ ಪಾಸ್‌ವರ್ಡ್ ಕೇಳುವ ಎಮರ್ಜೆನ್ಸಿ ಮೋಡಿಗೆ ಬಂದರೆ ಎಫ್‌ಸ್ಟ್ಯಾಬ್ (ಬೂಟ್ ವೇಳೆ ಮೌಂಟ್ ಆಗಬೇಕಾದವುಗಳ ಪಟ್ಟಿ) ನೋಡಿ. ಎಂದೋ ಕಿತ್ತುಕೊಂಡು ಹೋದ ಬ್ಯಾಕಪ್ ಡಿಸ್ಕ್, ಎಸ್‌ಡಿಬಿ1 ಎಂದು ಹೆಸರಿಟ್ಟು ಬರೆದ ಸಾಲು, ಇಂಥವೇ ಇರುತ್ತವೆ. ಬೂಟಿಗೆ ಅಗತ್ಯವಿಲ್ಲದ ಮೌಂಟ್‌ಗಳಿಗೆಲ್ಲ ನೋಫೇಲ್ ಸೇರಿಸಿ, ಉಳಿದವಕ್ಕೆ ಯುಯುಐಡಿ ಬರೆಯಿರಿ. ರೂಟ್ ಖಾತೆಗೆ ಪಾಸ್‌ವರ್ಡೇ ಇಡದ ಯಂತ್ರಗಳಲ್ಲಿ ಈ ಶೆಲ್ ಕೂಡ ಸಿಗುವುದಿಲ್ಲ, ಖಾತೆ ಲಾಕ್ ಆಗಿದೆ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಅಪ್‌ಗ್ರೇಡ್‌ಗೆ ಮೊದಲು ಒಂದು ಪಾಸ್‌ವರ್ಡ್ ಇಟ್ಟು ಅದು ಕನ್ಸೋಲಿನಲ್ಲಿ ಕೆಲಸ ಮಾಡುತ್ತದೆಯೇ ನೋಡಿ. ಇನ್ನು ನಿಂತಿದೆ ಎಂದು ತಿಳಿದು ಪವರ್ ತೆಗೆಯುವ ತಪ್ಪು ಒಂದಿದೆ. ಲೀಪ್ ಮುಗಿದ ಮೇಲೆ ಎಸ್‌ಇಲಿನಕ್ಸ್ ಭದ್ರತಾ ಲೇಬಲ್‌ಗಳನ್ನು ಪೂರ್ತಿ ಡಿಸ್ಕಿಗೆ ಹೊಸದಾಗಿ ಬರೆದು ತಾನಾಗಿ ಇನ್ನೊಮ್ಮೆ ರೀಬೂಟ್ ಆಗುತ್ತದೆ. ಲಕ್ಷಗಟ್ಟಲೆ ಸಣ್ಣ ಫೈಲುಗಳಿರುವ ಹಳೆಯ ಡಿಸ್ಕಿನಲ್ಲಿ ಇದು ಗಂಟೆಗಟ್ಟಲೆ ಹಿಡಿಯಬಹುದು. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೈ ಕಟ್ಟಿ ಕೂರುವುದು.

ಪಿಂಗ್ ಬರುತ್ತಿಲ್ಲ ಎಂದ ಮಾತ್ರಕ್ಕೆ ಬೂಟ್ ಆಗಿಲ್ಲ ಎಂದಲ್ಲ. ನೆಟ್‌ವರ್ಕ್ ಕಾರ್ಡಿಗೆ ಈಥ್0 ಎಂದಿದ್ದ ಹೆಸರು ಇನೋ1 ಆಗಿ, ಹಳೆಯ ಐಎಫ್‌ಸಿಎಫ್‌ಜಿ ಫೈಲ್ ಅನಾಥವಾಗಿರಬಹುದು. ಆದ್ದರಿಂದ ಕನ್ಸೋಲ್ ಮುಖ್ಯ. ಆರ್710ನ್ನು ದೂರದಿಂದ ನಿರ್ವಹಿಸುವ ಐಡ್ರ್ಯಾಕ್6ರ ವರ್ಚುವಲ್ ಕನ್ಸೋಲ್ ಹಳೆಯ ಜಾವಾ ಕೇಳುತ್ತದೆ, ಈಗಿನ ಬ್ರೌಸರ್ ಅದರ ಹಳೆಯ ಟಿಎಲ್‌ಎಸ್ ಒಪ್ಪುವುದಿಲ್ಲ. ಅದರ ಜೊತೆ ಗುದ್ದಾಡುವ ಬದಲು ಸೀರಿಯಲ್ ಓವರ್ ಲ್ಯಾನ್ (ನೆಟ್‌ವರ್ಕ್ ಮೂಲಕ ಬರುವ ಪಠ್ಯ ಕನ್ಸೋಲ್) ಆನ್ ಮಾಡಿ, ಕರ್ನಲ್ ಸಾಲಿನಿಂದ ಆರ್‌ಎಚ್‌ಜಿಬಿ ಮತ್ತು ಕ್ವಯೆಟ್ ತೆಗೆದು, ಟಿಟಿವೈಎಸ್1ಕ್ಕೆ 115200 ವೇಗದಲ್ಲಿ ಕನ್ಸೋಲ್ ಕೊಡಿ. ಐಪಿಎಂಐಟೂಲ್‌ನಿಂದ ಹೊಕ್ಕರೆ ಪ್ಯಾನಿಕ್‌ನ ಸಾಲುಗಳು ಪಠ್ಯವಾಗಿಯೇ ಕೈಗೆ ಬರುತ್ತವೆ, ಫೋನಿನಲ್ಲಿ ಫೋಟೊ ಹೊಡೆಯುವ ಕೆಲಸ ತಪ್ಪುತ್ತದೆ.

ಈ ಎಲ್ಲಕ್ಕೂ ಮೊದಲು ಮಾಡಬೇಕಾದ, ಯಾರೂ ಮಾಡದ ಒಂದು ಕೆಲಸ: ಅಪ್‌ಗ್ರೇಡ್ ಮುಟ್ಟುವ ಮೊದಲೇ ಹಳೆಯ ಓಎಸ್ ಇರುವಾಗಲೇ ಯಂತ್ರವನ್ನು ಒಮ್ಮೆ ಆಫ್ ಮಾಡಿ ಎಬ್ಬಿಸುವುದು. ಬ್ಯಾಕಪ್ ಆದ ಮೇಲೆ ಶಟ್‌ಡೌನ್ ಮಾಡಿ, ಎರಡೂ ಪವರ್ ಕೇಬಲ್ ಕಿತ್ತು, ಹತ್ತು ನಿಮಿಷ ಬಿಟ್ಟು ಹಾಕಿ. ಎರಡು ಮೂರು ವರ್ಷ ನಿಲ್ಲದೆ ಓಡಿದ ಯಂತ್ರ ಹಳೆಯ ಬೈಕಿನ ಹಾಗೆ. ಓಡುತ್ತಿದ್ದರೆ ಸರಿ, ಒಮ್ಮೆ ನಿಲ್ಲಿಸಿದರೆ ಕಿಕ್ ಹೊಡೆದವನಿಗೇ ಗೊತ್ತು ಅದರ ನಿಜಸ್ಥಿತಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಬಯಾಸ್ ಸೆಟಿಂಗ್ ಅಳಿಸಿ, ಬೂಟ್ ಕ್ರಮ ಮತ್ತು ಬಯಾಸ್-ಯುಇಎಫ್‌ಐ ಆಯ್ಕೆ ಮೂಲಸ್ಥಿತಿಗೆ ಹೋಗಿರುತ್ತವೆ. ರೇಡ್ ಕಾರ್ಡಿನ ಬ್ಯಾಟರಿ ಹೋಗಿದ್ದರೆ ಅದರ ಪರದೆ ಕೀ ಒತ್ತಿ ಎಂದು ಕಾಯುತ್ತದೆ. ಇಲ್ಲವೇ ಫಾರಿನ್ ಕಾನ್ಫಿಗರೇಶನ್ (ತನ್ನದಲ್ಲದ ರೇಡ್ ವಿವರ) ಇದೆ ಎನ್ನುತ್ತದೆ. ಎಫ್1 ಒತ್ತಿ ಎಂದು ಡೆಲ್‌ನ ಪರದೆ ನಿಲ್ಲುತ್ತದೆ, ಎದುರು ಕೀಬೋರ್ಡೇ ಇರುವುದಿಲ್ಲ. ಇವು ಯಾವುವೂ ಅಪ್‌ಗ್ರೇಡ್‌ನಿಂದ ಆದದ್ದಲ್ಲ, ಆದರೆ ಅಪ್‌ಗ್ರೇಡ್ ದಿನ ಕಂಡರೆ ಅದರ ತಲೆಗೇ ಕಟ್ಟುತ್ತೇವೆ. ಹೊಸ ಕರ್ನಲ್‌ನಲ್ಲಿ ಎರಡು ದಿನ ತಪ್ಪು ಹುಡುಕುತ್ತೇವೆ. ಸೆಲ್ ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಎಫ್1 ಪ್ರಾಂಪ್ಟನ್ನು ಬಯಾಸ್‌ನಲ್ಲೇ ಡಿಸೇಬಲ್ ಮಾಡಬಹುದು.

ಕೊನೆಯ ಪರೀಕ್ಷೆ ಸಾಫ್ಟ್‌ವೇರ್ ರೇಡ್-1 (ಎರಡು ಡಿಸ್ಕಿನಲ್ಲೂ ಒಂದೇ ಪ್ರತಿ) ಇರುವವರಿಗೆ. ಎಂಡಿಸ್ಟ್ಯಾಟ್ ಫೈಲಿನಲ್ಲಿ ಎರಡೂ ಯು (ಡಿಸ್ಕ್ ಸರಿಯಿದೆ ಎಂಬ ಗುರುತು) ಕಾಣುತ್ತಿವೆ, ರೀಸಿಂಕ್ ಓಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು, ಯಂತ್ರ ಆಫ್ ಮಾಡಿ, ಮೊದಲ ಡಿಸ್ಕ್ ಎಳೆದು, ಎರಡನೆಯದರಿಂದ ಮಾತ್ರ ಬೂಟ್ ಮಾಡಿ. ಏಳದಿದ್ದರೆ ಅದರ ತಲೆಯಲ್ಲಿ ಗ್ರಬ್ ಇಲ್ಲ ಎಂದರ್ಥ. ಆಫ್ ಮಾಡಿ, ಮೊದಲ ಡಿಸ್ಕ್ ಹಾಕಿ ಎದ್ದು, ಎರಡನೆಯದಕ್ಕೂ ಗ್ರಬ್2-ಇನ್‌ಸ್ಟಾಲ್ ಓಡಿಸಿ ಮತ್ತೆ ನೋಡಿ. ಎದ್ದರೆ ಆಫ್ ಮಾಡಿ, ಎಳೆದದ್ದನ್ನು ಹಾಕಿ, ಎಂಡಿಎಡಿಎಂ ಮೂಲಕ ಮತ್ತೆ ಸೇರಿಸಿ. ರೀಸಿಂಕ್ ಪೂರ್ತಿ ಮುಗಿಯುವ ತನಕ ಇನ್ನೊಂದು ಡಿಸ್ಕನ್ನು ಮುಟ್ಟಬೇಡಿ.